ಅಮ್ಮನ ಪೀಸ್ ಲಿಲಿ

"ಇದು ನಾರ್ತಾ ಇದೆ," ಎಂದಳು ಹುಡುಗಿ, ಪೀಸ್ ಲಿಲಿಯ ಕುಂಡವನ್ನು ಎದೆಗೆ ಅವುಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು.

ಚಿಕ್ಕಮ್ಮ ಒಲೆ ಆರಿಸಿ ತಿರುಗಿದಳು. ಅವಳು ಈ ಮನೆಗೆ ಎರಡನೇ ಹೆಂಡತಿಯಾಗಿ ಬಂದ ಮೇಲೆ ಹುಡುಗಿ ತಾನಾಗಿ ಮಾತಾಡಿಸಿದ್ದು ಅಪರೂಪ. ಚಿಕ್ಕಮ್ಮ ಬಂದ ದಿನವೇ ಹುಡುಗಿ ಒಂದು ಮಾತು ಹೇಳಿದ್ದಳು: "ಅದು ಅಮ್ಮನ ಗಿಡ. ಮುಟ್ಟಬೇಡಿ."

ಚಿಕ್ಕಮ್ಮ ಮುಟ್ಟಿರಲಿಲ್ಲ. ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ನೋಡುತ್ತಿದ್ದಳು, ಅಷ್ಟೆ. ಹುಡುಗಿ ಕಾಲೇಜಿಗೆ ಹೊರಡುವಾಗ ಗಿಡಕ್ಕೆ ಒಂದು ಜಗ್ ನೀರು, ಬಂದ ಮೇಲೆ ಇನ್ನೊಂದು. ಎಲೆಗಳು ಜೋತುಬಿದ್ದಷ್ಟೂ ಹುಡುಗಿ ಇನ್ನಷ್ಟು ಸುರಿಯುತ್ತಿದ್ದಳು.

ಬಾಲ್ಕನಿಯಲ್ಲಿ ಹಳೆ ಪೇಪರ್ ಹಾಸಿ ಇಬ್ಬರೂ ಕುಂಡ ಕವುಚಿದರು. ಬೇರುಗಳು ಕಪ್ಪಾಗಿದ್ದವು, ಮುಟ್ಟಿದರೆ ಸಿಪ್ಪೆ ಕೈಗೇ ಜಾರಿ ಬರುತ್ತಿತ್ತು.

"ನೀರು ಜಾಸ್ತಿಯಾಗಿ ಕೊಳೆತಿದೆ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ? ಸಾಯ್ಲಿ ಅಂತಾನಾ?"

ಚಿಕ್ಕಮ್ಮ ಕೈಯ ಮಣ್ಣು ನೋಡಿಕೊಂಡಳು. "ಗಿಡದ ಮೇಲೂ ಕಣ್ಣು ಹಾಕಿದ್ಲು ಅಂದ್ಕೋತೀಯೇನೋ ಅಂತ ಹೆದರಿದೆ. ಬೈಸಿಕೊಂಡಾದ್ರೂ ಹೇಳ್ಬೇಕಿತ್ತು."

ಹುಡುಗಿ ಬೈಯಲಿಲ್ಲ. ಮಂಡಿಗೆ ಮುಖ ಒತ್ತಿಕೊಂಡಳು. "ನಾನೇ ಕೊಂದೆ," ಎಂದದ್ದು ಅರ್ಧ ಮಾತ್ರ ಕೇಳಿಸಿತು.

ಚಿಕ್ಕಮ್ಮ ಒಳಗೆ ಹೋಗಿ ಕತ್ತರಿ ತಂದಳು. ಅದರಲ್ಲಿ ಒಮ್ಮೆ ಕಾಗದ ಕತ್ತರಿಸಿದ್ದಕ್ಕೆ ಅವಳು ಗಂಡನ ಬೆವರಿಳಿಸಿದ್ದಳು.

"ಅದು ಬಟ್ಟೆ ಕತ್ತರಿ ಅಲ್ವಾ?" ಹುಡುಗಿ ತಲೆಯೆತ್ತಿದಳು.

"ಮನೇಲಿ ಹರಿತವಾಗಿರೋದು ಇದೊಂದೇ. ಹಿಡ್ಕೋ. ನಿಮ್ಮಮ್ಮನ ಗಿಡ, ನೀನೇ ಕತ್ತರಿಸು. ಕಪ್ಪಗಿರೋದೆಲ್ಲ ಹೋಗ್ಲಿ."

ಕೊನೆಗೆ ಉಳಿದದ್ದು ಒಂದು ಹಿಡಿ ಬಿಳಿ ಬೇರು, ಮೂರು ಎಲೆ. ತಳ ತೂತು ಮಾಡಿದ ಸಣ್ಣ ಡಬ್ಬಿಯಲ್ಲಿ ಹೊಸ ಮಣ್ಣು ತುಂಬಿ ನೆಟ್ಟರು; ಒಳಗೆ ಕಿಟಕಿಯ ಬಳಿ, ನೇರ ಬಿಸಿಲು ತಾಗದ ಮೂಲೆಯಲ್ಲಿಟ್ಟರು.

"ಬೆರಳು ಇಳಿಸಿ ನೋಡು. ಒಳಗೂ ಒಣಗಿದ್ರೆ ಮಾತ್ರ ನೀರು."

ಹುಡುಗಿ ಮಣ್ಣಿಗೆ ಬೆರಳು ಇಳಿಸಿ ನೋಡಿದಳು. "ನಾನಿಲ್ಲದಾಗ ನೀವೂ ನೋಡಿ."

ಗಿಡ ಎಷ್ಟೋ ವಾರ ಹಾಗೇ ಇತ್ತು. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. "ಬಿಸಾಕಿ, ಹೊಸದು ತರ್ತೀನಿ," ಎಂದು ಅಪ್ಪ ಬಾಯಿ ಬಿಟ್ಟಾಗ ಇಬ್ಬರೂ ಒಟ್ಟಿಗೇ ಅವನ ಮೇಲೆ ಹರಿಹಾಯ್ದರು. ಅವನು ಕಕ್ಕಾಬಿಕ್ಕಿಯಾಗಿ ಟೀವಿ ಮುಂದೆ ಹೋಗಿ ಕೂತ.

ಒಂದು ಬೆಳಿಗ್ಗೆ, ಹುಡುಗಿ ಕಾಲೇಜಿಗೆ ಹೋದ ಮೇಲೆ, ಚಿಕ್ಕಮ್ಮ ಡಬ್ಬಿಯ ಹತ್ತಿರ ಬಂದಳು. ಎಲೆಗಳ ನಡುವೆ ಸುರುಳಿ ಸುತ್ತಿದ ಎಳೆ ಹಸಿರೊಂದು ತಲೆಯೆತ್ತಿತ್ತು. ಮಣ್ಣಿನಲ್ಲಿ ಹಿಂದಿನ ದಿನ ಹುಡುಗಿ ಬೆರಳಿಳಿಸಿ ನೋಡಿದ್ದ ಗುಳಿ ಇತ್ತು. ಅವಳು ಅದರ ಪಕ್ಕದಲ್ಲೇ ತನ್ನ ಬೆರಳನ್ನೂ ಇಳಿಸಿದಳು. ಒಳಗೆ ಒಣಗಿತ್ತು. ಅರ್ಧ ಲೋಟ ನೀರು ಹಾಕಿದಳು. ಎರಡೂ ಗುಳಿಗಳು ತುಂಬಿಕೊಂಡು, ಕಿಟಕಿಯ ಬೆಳಕಿನಲ್ಲಿ ಒಂದು ಕ್ಷಣ ಹೊಳೆದು, ಮೆಲ್ಲಗೆ ಇಂಗಿದವು.