ವೇಡ್‌ನ ಗಂಟೆ

ನಮ್ಮ ಕಡೆ ಗೂಳಿ ಸವಾರ ಬಾಯಿ ಬಿಡುವುದಿಲ್ಲ. ಇಕ್ಕಟ್ಟಾದ ಕಬ್ಬಿಣದ ಗೂಡಿನೊಳಗೆ ಗೂಳಿಯ ಬೆನ್ನ ಮೇಲೆ ಕೂತು, ಹಗ್ಗವನ್ನು ಅಂಗೈಗೆ ಸುತ್ತಿ, ಮುಷ್ಟಿ ಬಿಗಿದು, ಒಮ್ಮೆ ತಲೆಯಾಡಿಸುತ್ತಾನೆ. ಅಷ್ಟೇ. ಗೇಟು ತೆರೆಯುತ್ತದೆ. ಆಮೇಲೆ ಎಂಟು ಸೆಕೆಂಡು ಬೀಳದೆ ಕೂತರೆ ಗೆಲುವು ಅವನದು, ಇಲ್ಲವೇ ಗೂಳಿಯದು. ನನ್ನ ಗಂಡ ಎಲ್ರಾಯ್ ಇಪ್ಪತ್ತೆಂಟು ವರ್ಷದಿಂದ ಆ ಗೇಟು ಎಳೆಯುತ್ತಿದ್ದಾನೆ.

ಶಿಂಪೇ ಜಪಾನಿನ ಉತ್ತರದ ಹಿಮದ ಸೀಮೆಯವನು. ಮನೆಯವರು ಹಾಲಿನ ಹಸು ಸಾಕುವವರು. ಇಪ್ಪತ್ನಾಲ್ಕು ವರ್ಷದ ಹುಡುಗ. ಒಂದು ಹಳೇ ವ್ಯಾನು, ಒಂದು ಚೀಲ. ರೋಡಿಯೊ ಅನ್ನುವ ಗೂಳಿ ಸವಾರಿಯ ಪಂದ್ಯ ನಡೆಯುವ ಊರಿಂದೂರಿಗೆ ತಿರುಗುತ್ತ ಒಕ್ಲಹೋಮಾದ ನಮ್ಮೂರಿಗೆ ಬಂದ. ಅವನಿಗೊಂದು ಅಭ್ಯಾಸ. ಯಾರು ಏನು ಹೇಳಿದರೂ, ಮಾತು ಮುಗಿಯುವ ಮೊದಲೇ ತಲೆಯಾಡಿಸುತ್ತಾನೆ. ಒಪ್ಪಿದೆ ಅಂತಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅಂತ. ಅವರಲ್ಲಿ ಅದು ಮರ್ಯಾದೆ.

ಮೊದಲ ಭಾನುವಾರವೇ ಆ ಮರ್ಯಾದೆ ಅವನ ಭುಜದ ಮೂಳೆ ಮುರಿಯಿತು. ಗೂಡಿನ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ ಇನ್ನೊಬ್ಬ ಸವಾರ ಲಾನಿ, "ಲೇ, ಈ ನನ್ಮಗ ಗೂಳಿ ಹೊರಗೆ ಬಿದ್ದ ತಕ್ಷಣ ಎಡಕ್ಕೆ ತಿರುಗ್ತಾನೆ, ಹುಷಾರು" ಅಂದ. ಶಿಂಪೇ ತಲೆಯಾಡಿಸಿದ. ಎಲ್ರಾಯ್ ಗೇಟು ಎಳೆದ. ಹುಡುಗ ಇನ್ನೂ ಮುಷ್ಟಿಯನ್ನೇ ಮುಚ್ಚಿರಲಿಲ್ಲ.

ಎಲ್ರಾಯ್ ಅವನನ್ನು ತನ್ನ ಟ್ರಕ್ಕಿನಲ್ಲೇ ಮನೆಗೆ ಕರೆತಂದ. "ಮೂಳೆ ಕೂಡೋವರೆಗೂ ಇಲ್ಲೇ ಇರ್ಲಿ ನೇಡೀನ್. ತಪ್ಪು ನನ್ನದು."

"ತಪ್ಪು ನನ್ನ ಕುತ್ತಿಗೇದು" ಅಂದ ಶಿಂಪೇ ನೋವಿನಲ್ಲೇ ನಗುತ್ತ.

ಅಂದೇ ಇಬ್ಬರೂ ಒಪ್ಪಂದ ಮಾಡಿಕೊಂಡರು. ಶಿಂಪೇಗೆ ಮಾತ್ರ ಬೇರೆ ನಿಯಮ. ಅವನು ಎಷ್ಟೇ ತಲೆಯಾಡಿಸಲಿ, ಬಾಯಿಬಿಟ್ಟು "ಬಿಡು" ಅನ್ನುವವರೆಗೂ ಎಲ್ರಾಯ್ ಗೇಟು ಮುಟ್ಟುವುದಿಲ್ಲ.

ಅವನಿಗೆ ವೇಡ್‌ನ ಕೋಣೆ ಕೊಟ್ಟೆ. ಬೇರೆ ಕೋಣೆ ಇರಲಿಲ್ಲ. ವೇಡ್ ನಮ್ಮ ಒಬ್ಬನೇ ಮಗ. ನಾಲ್ಕು ವರ್ಷದ ಹಿಂದೆ ಇದೇ ರೋಡಿಯೊ ಅಂಗಳದ ಮೂರನೇ ಗೂಡಿನಿಂದ ಗೂಳಿಯ ಮೇಲೆ ಹೊರಗೆ ಹೋದ. ಮೂರೇ ಸೆಕೆಂಡು. ಬಿದ್ದವನ ಕೈ ಹಗ್ಗದಲ್ಲೇ ಸಿಕ್ಕಿಕೊಂಡಿತ್ತು, ಬಿಡಿಸುವ ಹೊತ್ತಿಗೆ ಉಸಿರಿರಲಿಲ್ಲ. ಅವತ್ತು ತಲೆಯಾಡಿಸಿದವನು ಮಗ, ಗೇಟು ಎಳೆದವನು ಅಪ್ಪ. ಎಲ್ರಾಯ್ ಅದರ ಬಗ್ಗೆ ಈವರೆಗೆ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ.

ಆರು ವಾರ ಶಿಂಪೇ ನಮ್ಮಲ್ಲಿದ್ದ. ಒಂದೇ ಕೈಯಲ್ಲಿ ಆಲೂಗಡ್ಡೆ ತೊಳೆದು ಕೊಡುತ್ತಿದ್ದ, ಒಗೆದ ಬಟ್ಟೆ ಮಡಚುತ್ತಿದ್ದ. ನಾನು ಹೇಳುವ ಹಳೇ ಕತೆಗಳಿಗೆಲ್ಲ ತಲೆಯಾಡಿಸುತ್ತಿದ್ದ. ನನ್ನ ಮಾತನ್ನು ಅಷ್ಟು ಕೇಳಿದವರು ಈ ಮನೆಯಲ್ಲಿ ಯಾರೂ ಇರಲಿಲ್ಲ. ಬಿದ್ದ ದಿನ ಅವನ ಹಗ್ಗದ ಗಂಟೆ ಗೂಳಿಯ ಕಾಲಿಗೆ ಸಿಕ್ಕಿ ಒಡೆದಿತ್ತು. ಗೂಳಿಯ ಎದೆಯಡಿ ತೂಗುವ ಆ ಗಂಟೆಯ ಭಾರಕ್ಕೇ ಸವಾರ ಕೈಬಿಟ್ಟಾಗ ಹಗ್ಗ ಕಳಚಿ ಬೀಳುವುದು. ಗಂಟೆಯಿಲ್ಲದ ಹಗ್ಗದಲ್ಲಿ ಸವಾರಿಗೆ ಯಾರನ್ನೂ ಬಿಡುವುದಿಲ್ಲ. ಐದನೇ ವಾರ ನಾನು ಪೆಟ್ಟಿಗೆ ತೆಗೆದು ವೇಡ್‌ನ ಗಂಟೆ ಅವನ ಕೈಗಿಟ್ಟೆ. ಅದರ ಒಂದು ಪಕ್ಕ ತಗ್ಗಾಗಿದೆ, ದನಿ ಒಡಕು.

"ಇದು ದೊಡ್ಡ ವಸ್ತು, ಅಮ್ಮಾವ್ರೇ" ಅಂದ, ಎರಡೂ ಕೈಯಲ್ಲಿ ತೆಗೆದುಕೊಂಡು.

"ಪೆಟ್ಟಿಗೇಲಿ ತುಕ್ಕು ಹಿಡೀತಾ ಇತ್ತು. ಇಟ್ಕೋ ಮಗಾ."

ಮರುದಿನ ಬೆಳಿಗ್ಗೆ ನಾನು ತಟ್ಟೆ ಒರೆಸುತ್ತಿದ್ದೆ. ಶಿಂಪೇ ಕಾಫಿ ಹಿಡಿದು ಮೇಜಿನ ಮುಂದೆ ಕೂತಿದ್ದ. ಕಿಟಕಿ ಪಕ್ಕದ ಖಾಲಿ ಕುರ್ಚಿಯ ಕಡೆ ಮುಖ. ನಿಧಾನವಾಗಿ ತಲೆಯಾಡಿಸುತ್ತಿದ್ದ. ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ.

"ಯಾರಿಗೆ ತಲೆ ಆಡಿಸ್ತಾ ಇದ್ದೀಯೋ?"

ಅವನ ಮುಖ ಕೆಂಪಾಯಿತು. "ಗೊತ್ತಿಲ್ಲ. ಯಾರೋ ಮಾತಾಡ್ತಾರೆ. ತುಂಬ ಬೇಗ ಬೇಗ. ನಂಗೆ ಅರ್ಥ ಆಗಲ್ಲ. ಮಾತಿನ ಮಧ್ಯೆ ನಾಲಿಗೇಲಿ ಟಕ್ ಅನ್ನಿಸ್ತಾರೆ. ಕೇಳಿಸ್ಕೊಳ್ಳದೆ ಇದ್ರೆ ಚೆನ್ನಾಗಿರಲ್ಲ ಅಲ್ವಾ, ಅದಕ್ಕೆ."

ನನ್ನ ಕೈಯ ತಟ್ಟೆ ಒದ್ದೆಯಾಗಿಯೇ ಉಳಿಯಿತು. ವೇಡ್ ಹಾಗೆ ಮಾಡುತ್ತಿದ್ದ, ಹಲ್ಲು ಬಂದಾಗಿನಿಂದ. ಅದನ್ನು ನಾನು ಶಿಂಪೇಗೆ ಹೇಳಿರಲಿಲ್ಲ.

ಅವತ್ತು ಮಧ್ಯಾಹ್ನ ಅವನ ಕೋಣೆಗೆ ಹಾಸಿಗೆಯ ಬಟ್ಟೆ ಬದಲಿಸಲು ಹೋದೆ. ಹಾಸಿಗೆಯ ಮಧ್ಯದಲ್ಲಿ ಟೋಪಿ ಇತ್ತು. ಇಲ್ಲಿ ಯಾವ ಸವಾರನೂ ಹಾಸಿಗೆಯ ಮೇಲೆ ಟೋಪಿ ಇಡುವುದಿಲ್ಲ, ಅದು ಸಾವನ್ನು ಕರೆದಂತೆ. ವೇಡ್ ಒಬ್ಬ ಮಾತ್ರ ನನ್ನ ಬೈಗುಳ ಕೇಳಲೆಂದೇ ಇಡುತ್ತಿದ್ದ. ಶಿಂಪೇಯನ್ನು ಕೂಗಿ ಕೇಳಿದೆ. ಅವನ ಟೋಪಿ ಅವನ ತಲೆಯ ಮೇಲೆಯೇ ಇತ್ತು.

ಆಗಲೇ ಗಂಟೆಯನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ. ಕಿಟಕಿ ಪಕ್ಕದ ಕುರ್ಚಿಗೂ ಒಂದು ತಟ್ಟೆ ಇಡತೊಡಗಿದೆ. ಎಲ್ರಾಯ್ ಆ ತಟ್ಟೆ ನೋಡಿದ, ನನ್ನ ನೋಡಿದ, ಹುರುಳಿಕಾಯಿ ಬಡಿಸಿಕೊಂಡು ಉಂಡ. ದಿನವೂ ಎಲ್ರಾಯ್ ಹೊರಗೆ ಹೋದ ಮೇಲೆ ಶಿಂಪೇ ಹತ್ತಿರ ಕೂತು ಕೇಳುತ್ತಿದ್ದೆ.

"ಏನಂದ ಇವತ್ತು? ನೆನಪಿಸ್ಕೊಂಡು ಹೇಳೋ."

"ಸ್ವಲ್ಪ ಸ್ವಲ್ಪ ತಿಳೀತಾ ಇದೆ, ಅಮ್ಮಾವ್ರೇ. 'ಮೂರೇ ಆಯ್ತು, ಇನ್ನೂ ಐದು ಬಾಕಿ' ಅಂತಾರೆ. ಅದೇ ಮಾತು, ತಿರುಗಿ ತಿರುಗಿ."

ಹುಡುಗ ಇಳಿದುಹೋಗುತ್ತಿದ್ದ. ಹಗ್ಗ ಹಿಡಿಯುವ ಬಲಗೈ ಬೇಸಿಗೆಯ ನಡುಮಧ್ಯಾಹ್ನದಲ್ಲೂ ತಣ್ಣಗಿರುತ್ತಿತ್ತು. ಹಗ್ಗ ಮುಟ್ಟದ ದಿನವೂ ಅಂಗೈಯಲ್ಲಿ ಹಗ್ಗಕ್ಕೆ ಉಜ್ಜುವ ರಾಳದ ಅಂಟು. ನಾನು ಬಿಸಿನೀರಲ್ಲಿ ತೊಳೆದು ಕೊಡುತ್ತಿದ್ದೆ, ತೊಳೆಯುತ್ತಲೇ ಮತ್ತೆ ಕೇಳುತ್ತಿದ್ದೆ. ಬೇರೆಯವರ ಮಗನ ಕೈ ಅದು. ಅವನ ತಾಯಿ ವಾರಕ್ಕೊಮ್ಮೆ ಫೋನು ಮಾಡಿದಾಗ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ.

ಮೂಳೆ ಕೂಡಿತು. ವೈದ್ಯರು ಆಗಬಹುದು ಅಂದರು. ಭಾನುವಾರ ಮಧ್ಯಾಹ್ನದ ರೋಡಿಯೊಗೆ ಹೆಸರು ಕೊಟ್ಟ. ಚೀಟಿಯಲ್ಲಿ ಬಿಳಿ ಮೂತಿಯ ಗೂಳಿ ಬಂತು, ಮೂರನೇ ಗೂಡು.

ಆ ಭಾನುವಾರ ಬೆಳಿಗ್ಗೆ ನಾನು ಬಿಸ್ಕತ್ತಿನ ಹಿಟ್ಟು ನಾದುತ್ತಿದ್ದಾಗ ಶಿಂಪೇ ಬಾಗಿಲಲ್ಲಿ ನಿಂತು, "ಅಮ್ಮಾವ್ರೇ, ಇವತ್ತು ಪೂರ್ತಿ ಅರ್ಥ ಆಯ್ತು" ಅಂದ. ಸಂತೋಷದಿಂದಲೇ ಅಂದ. "'ನೀನು ಬರೀ ತಲೆ ಆಡಿಸು. ಬಿಡು ಅನ್ನೋ ಮಾತು ನಾನು ಹೇಳ್ತೀನಿ. ಐದು ನಂಗೆ ಬೇಕು' ಅಂದ್ರು."

"ನೀನೇನಂದೆ?"

"ತಲೆ ಆಡಿಸ್ದೆ." ಆಮೇಲೆ ಅವನಿಗೇ ಹೊಳೆದು, ಮೆಲ್ಲಗೆ, "ಆಡಿಸಬಾರ್ದಿತ್ತಾ?"

"ಇವತ್ತು ಬೇಡ ಮಗಾ. ಹೋಗ್ಬೇಡ."

"ಆರು ವಾರ ಆಯ್ತು, ಅಮ್ಮಾವ್ರೇ. ಇವತ್ತು ಹೋಗ್ದಿದ್ರೆ ಇನ್ಯಾವತ್ತೂ ಹತ್ತಕ್ಕೆ ಆಗಲ್ಲ ನಂಗೆ."

ಗಂಟೆ ಕೊಡು ಅಂತ ಆಗ ಕೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಕೇಳಿದರೆ ಕಿಟಕಿಯ ಕುರ್ಚಿ ಮತ್ತೆ ಖಾಲಿ. ಹಿಟ್ಟು ಒಣಗಿ ಬೆರಳಿಗೆ ಅಂಟಿತು. ಅಷ್ಟರಲ್ಲಿ ವ್ಯಾನು ಹೊರಟ ಸದ್ದು ಕೇಳಿಸಿತು.

ಮಧ್ಯಾಹ್ನ ನಾನು ಅಂಗಳಕ್ಕೆ ಹೋದಾಗ ಎಲ್ರಾಯ್ ಆಗಲೇ ಗೇಟಿನ ಹತ್ತಿರ ಇದ್ದ. ಗೂಡುಗಳ ಹಿಂದೆ ನೀರು ಕೊಡಲು ನಾನು ಯಾವಾಗಲೂ ಓಡಾಡುವವಳೇ, ಯಾರೂ ತಡೆಯಲಿಲ್ಲ. ಶಿಂಪೇ ಬಿಳಿ ಮೂತಿಯ ಬೆನ್ನಿಗೆ ಇಳಿದ. ಲಾನಿ ಹಗ್ಗ ಎಳೆದು, "ಮಾತಾಡಿಸಲ್ಲಪ್ಪ ನಿನ್ನ, ಬಾಯಿಗೆ ಬೀಗ ಹಾಕ್ಕೊಂಡಿದ್ದೀನಿ" ಅಂದ. ಸುತ್ತ ಇದ್ದವರು ನಕ್ಕರು. ಶಿಂಪೇ ನಗಲಿಲ್ಲ. ಮುಷ್ಟಿ ಬಿಗಿಯುವ ಮೊದಲೇ ಎಡಕ್ಕೆ ತಿರುಗಿದ. ಎಡಗಡೆ ಕಬ್ಬಿಣದ ಸರಳು, ಅದರಾಚೆ ಬಿಸಿಲು. ಅಲ್ಲಿಗೆ ತಲೆಯಾಡಿಸಿದ.

ನಾನು ಮಣ್ಣಿನ ಮೇಲೆ ಮೊಣಕಾಲೂರಿ ಕೆಳಗಿನ ಸರಳಿನ ಸಂದಿಯಲ್ಲಿ ಕೈ ತೂರಿಸಿದೆ. ಗೂಳಿಯ ಎದೆಯ ಬಿಸಿ, ಅದರ ನಡುವೆ ಮಂಜುಗಡ್ಡೆಯಂಥ ಗಂಟೆ. ಗಂಟೆ ಕಟ್ಟಿದ ಪಟ್ಟಿಯ ಕೊಂಡಿ ಬೆರಳಿಗೆ ಸಿಗಲಿಲ್ಲ. ಪಕ್ಕದಲ್ಲೇ ಯಾರೋ ನಾಲಿಗೆಯಲ್ಲಿ ಟಕ್ ಅನ್ನಿಸಿದರು.

"ವೇಡ್" ಅಂದೆ, "ಇವನು ಬೇಡ ಕಂದಾ. ಇವನಿಗೂ ಅಮ್ಮ ಇದ್ದಾಳೆ."

ಕೊಂಡಿ ತಾನಾಗಿ ಬಿಚ್ಚಿಕೊಂಡಿತೋ, ನಾನೇ ಬಿಚ್ಚಿದೆನೋ. ಗಂಟೆ ನನ್ನ ಕೈಗೆ ಬಿತ್ತು. "ಗಂಟೆ ಕಳಚಿ ಬಂತು!" ಅಂತ ಕಿರುಚಿದೆ. "ಲಾನಿ, ಹಗ್ಗದಲ್ಲಿ ಗಂಟೆ ಇಲ್ಲ, ಎತ್ತೋ ಅವನ್ನ!"

ಲಾನಿ ಒಳ್ಳೇ ಸವಾರ, ಮೊದಲು ಕೈ, ಆಮೇಲೆ ಯೋಚನೆ. ಶಿಂಪೇಯ ಅಂಗಿ ಹಿಡಿದು ಮೇಲಕ್ಕೆ ಸೆಳೆದ. ಮಣಿಕಟ್ಟಿಗೆ ಗವಸು ಬಿಗಿದಿದ್ದ ದಾರ ಹರಿದು ಕೈ ಹೊರಗೆ ಬಂತು, ಗವಸು ಹಗ್ಗದಲ್ಲೇ ಉಳಿಯಿತು. ಅದೇ ಕ್ಷಣಕ್ಕೆ ಗೇಟು ತೆರೆಯಿತು.

ಬಿಳಿ ಮೂತಿ ಖಾಲಿ ಬೆನ್ನಿನಲ್ಲಿ ಹೊರಗೆ ಹಾರಿತು. ಸವಾರನಿಲ್ಲದ ಗೂಳಿ ನಾಲ್ಕು ಹೆಜ್ಜೆ ಓಡಿ ನಿಂತುಬಿಡುತ್ತದೆ, ನಾವು ದಿನಾ ನೋಡುತ್ತೇವೆ. ಇದು ನಿಲ್ಲಲಿಲ್ಲ. ಎಡಕ್ಕೆ ತಿರುಗಿತು, ಬೆನ್ನು ಬಿಲ್ಲಾಗಿಸಿ ನೆಗೆಯಿತು, ಹಿಂಗಾಲು ಆಕಾಶಕ್ಕೆ ಒದೆಯಿತು. ಹಗ್ಗದಲ್ಲಿ ಶಿಂಪೇಯ ಗವಸು, ಬೆರಳು ಐದೂ ತುಂಬಿಕೊಂಡು, ಬಿಗಿದ ಮುಷ್ಟಿ. ನನ್ನ ಕೈಯೊಳಗೆ ಗಂಟೆ ಅದರ ನೆಗೆತಕ್ಕೆ ಸರಿಯಾಗಿ ಬಡಿದುಕೊಳ್ಳುತ್ತಿತ್ತು. ಸಮಯ ನೋಡುವವಳು ಗೇಟು ತೆರೆದಾಗ ಅಭ್ಯಾಸದ ಮೇಲೆ ಗುಂಡಿ ಒತ್ತಿದ್ದಳು. ಎಂಟು ಸೆಕೆಂಡಿಗೆ ಭೋಂಗು ಕೂಗಿತು.

ಗವಸಿನ ಬೆರಳು ಒಂದೊಂದಾಗಿ ಬಿಡಿಸಿಕೊಂಡವು. ಗಂಟೆಯ ಭಾರವಿಲ್ಲದೆಯೂ ಹಗ್ಗ ಕಳಚಿ ಮಣ್ಣಿಗೆ ಬಿತ್ತು. ಗೂಳಿ ನಿಂತು, ತನ್ನ ಬೆನ್ನಿನ ಕಡೆ ತಿರುಗಿ ನೋಡಿತು.

ಎಲ್ರಾಯ್ ಗೇಟಿನ ಹಗ್ಗ ಕೈಯಲ್ಲಿ ಹಿಡಿದೇ ನಿಂತಿದ್ದ. "ಅವನು ಬಿಡು ಅಂದ ನೇಡೀನ್" ಅಂದ. ಗಲ್ಲವೆಲ್ಲ ಒದ್ದೆ. "'ಬಿಡು, ಅಪ್ಪಾ' ಅಂದ. ಜಪಾನಿನ ಹುಡುಗ ನನ್ನ ಯಾಕೆ ಅಪ್ಪ ಅಂತಾನೆ?"

ಶಿಂಪೇ ಮಣ್ಣಿನ ಮೇಲೆ ಕೂತು ತನ್ನ ಬಲಗೈ ನೋಡಿಕೊಳ್ಳುತ್ತಿದ್ದ. ಹಿಡಿದು ನೋಡಿದೆ. ಬೆಚ್ಚಗಿತ್ತು.

ಅವನು ಆ ವಾರವೇ ಹೊಸ ಗಂಟೆ ಕೊಂಡು ಟೆಕ್ಸಸ್ ಕಡೆ ಹೊರಟ. ವ್ಯಾನಿನಿಂದ ತಲೆ ಹೊರಗೆ ಹಾಕಿ, "ಊಟ ಸರಿಯಾಗಿ ಮಾಡು, ಅಮ್ಮಂಗೆ ಫೋನ್ ಮಾಡು" ಅಂತ ನಾನಂದದ್ದಕ್ಕೆಲ್ಲ ತಲೆಯಾಡಿಸಿದ. ಎಡಕ್ಕಾಗಲಿ ಬಲಕ್ಕಾಗಲಿ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ.

ಗಂಟೆಯ ನಾಲಿಗೆಗೆ ಹಳೇ ಬಟ್ಟೆ ಸುತ್ತಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ. ಪೆಟ್ಟಿಗೆಗೆ ಹಾಕಲು ಮನಸ್ಸಾಗಲಿಲ್ಲ. ಕಿಟಕಿ ಪಕ್ಕದ ತಟ್ಟೆ ತೆಗೆದೆ. ಕುರ್ಚಿ ಅಲ್ಲೇ ಇದೆ.

ನಿನ್ನೆ ಬೆಳಿಗ್ಗೆ ಪಾತ್ರೆ ಒರೆಸುತ್ತಿದ್ದೆ. ಎಲ್ರಾಯ್ ಕಾಫಿಗೆಂದು ಒಳಗೆ ಬಂದವನು ಬಾಗಿಲಲ್ಲೇ ನಿಂತ.

"ಯಾರಿಗೆ ತಲೆ ಆಡಿಸ್ತಾ ಇದ್ದೀಯೇ?" ಅಂದ.