ಹಾಲಿಲ್ಲ, ತುಪ್ಪವಿಲ್ಲ

ಬೇಯಿಸಿದ ಕಡಲೆಕಾಳನ್ನು ಬಟ್ಟೆಯ ಮೇಲೆ ಹರವಿಕೊಂಡು ಶರಾವತಿ ಒಂದೊಂದಾಗಿ ಸಿಪ್ಪೆ ಬಿಡಿಸುತ್ತಿದ್ದಾಗ ಫೋನು ಬಂತು. ಭದ್ರಾವತಿಯ ಸುಮನಾ, ಮಗಳು ಅನುಗೆಂದು ಪ್ರತಿ ವಾರ ಶರಾವತಿಯ ಪ್ರೋಟೀನ್ ಬಾರ್ ತರಿಸಿಕೊಳ್ಳುವವಳು. ಕೈಯೆಲ್ಲ ಅಂಟಾಗಿದ್ದರಿಂದ ಕಿರುಬೆರಳಿನಿಂದ ಒತ್ತಿ ಸ್ಪೀಕರ್‌ಗೆ ಹಾಕಿದಳು.

"ಅಕ್ಕ, ಈ ವಾರ ಬಾರ್ ಕಳಿಸೋದು ಬೇಡ. ಹೋದ ವಾರದ್ದೇ ಉಳಿದಿದೆ, ಭಾನುವಾರ ಅನು ಒಂದು ತಿಂದಿದ್ದಷ್ಟೆ," ಎಂದಳು ಸುಮನಾ. "ಅನು ಆಸ್ಪತ್ರೆಗೆ ಸೇರಿದ್ಲು. ನಿನ್ನೆ ಸಂಜೆ ಮನೆಗೆ ಕರ್ಕೊಂಡು ಬಂದ್ವಿ."

ಶರಾವತಿಯ ಬೆರಳುಗಳ ನಡುವಿನ ಕಾಳು ಜಾರಿ ನೆಲಕ್ಕೆ ಬಿತ್ತು. "ಏನಾಯ್ತು?"

"ಭಾನುವಾರ ಮಧ್ಯಾಹ್ನ ಊಟ ಆಗಿ ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು ಬಂತು. ತುಟಿ ಊದ್ಕೊಂಡ್ತು. ಆಮೇಲೆ ಉಸಿರೇ ಎಳೀಲಿಕ್ಕಾಗ್ತಿಲ್ಲ ಅಕ್ಕ! ಪಕ್ಕದ ಮನೆಯವರ ಕಾರಲ್ಲಿ ಶಿವಮೊಗ್ಗಕ್ಕೆ ಓಡಿದ್ವಿ. ಇನ್ನು ಕಾಲು ಗಂಟೆ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟ್ರು. ಹಾಲಿಂದು ಏನೋ ಹೊಟ್ಟೆಗೆ ಹೋಗಿದೆ ಅಂದ್ರು."

ಶರಾವತಿ ಬಿದ್ದ ಕಾಳನ್ನು ಹೆಕ್ಕಿಕೊಂಡಳು. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದುಕೊಂಡಳು.

"ನಮ್ಮತ್ತೆದೇ ಕೆಲಸ," ಎಂದಳು ಸುಮನಾ. "ಅನು ಸಲುವಾಗಿ ಮನೇಲಿ ಹಾಲು ತರೋದೇ ನಿಲ್ಸಿದೀವಿ ನಾವು. ಇವರು ನೋಡಿದ್ರೆ ದಿನಾ ಪಕ್ಕದ ಸೆಲ್ವಿ ಅಕ್ಕನ ಮನೆಗೆ ಹೋಗಿ ಗುಟ್ಟಾಗಿ ಕಾಫಿ ಕುಡಿದು ಬರ್ತಿದ್ರಂತೆ. ಅವತ್ತೂ ಕುಡಿದು ಬಂದು, ಅದೇ ಕೈಯಲ್ಲಿ ಮಗೂಗೆ ಅನ್ನ ಕಲಸಿ ತಿನ್ಸಿದಾರೆ."

ಶರಾವತಿಯ ಎದೆಯಿಂದ ದೊಡ್ಡದೊಂದು ಕಲ್ಲು ಕೆಳಗಿಳಿಯಿತು. ಆ ನಿರಾಳದಲ್ಲೇ, ಯೋಚಿಸುವ ಮೊದಲೇ, ಬಾಯಿಂದ ಮಾತೂ ಬಂದುಬಿಟ್ಟಿತು. "ವಯಸ್ಸಾದವರಿಗೆ ಇದೆಲ್ಲ ಗೊತ್ತಾಗಲ್ಲ ಬಿಡಿ ಸುಮನಾ. ನಾವೇ ಹುಷಾರಾಗಿರಬೇಕು."

ಫೋನು ಇಟ್ಟ ಮೇಲೆ ಆ ಮಾತು ಅಡುಗೆಮನೆಯಲ್ಲೇ ಉಳಿದುಕೊಂಡಿತು. ಹೊರಗೆ ಹೋಗಲು ದಾರಿಯೇ ಇಲ್ಲದ ಹೊಗೆಯ ಹಾಗೆ.

ಮಗುವಿನ ಹೊಟ್ಟೆಗೆ ಹೋದ ಹಾಲಿನದು ಏನು ಎಂಬುದು ಅವಳಿಗೆ ಗೊತ್ತಿತ್ತು. ಆ ಅಜ್ಜಿಯ ಕೈಯಲ್ಲ. ಕಪಾಟಿನ ಮೇಲಿನ ಸಾಲಿನಲ್ಲಿ ಈಗಲೂ ಅರ್ಧ ಉಳಿದಿರುವ ಹಾಲಿನ ಪುಡಿಯ ಡಬ್ಬ.

ಶಿವಮೊಗ್ಗದ ಹೊಸಮನೆ ಬಡಾವಣೆಯ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೊಂದು ವರ್ಷ. ಇಷ್ಟೂ ವರ್ಷ ಶರಾವತಿ ಬೇಯಿಸಿದ್ದನ್ನು ಮನೆಯವರು ಉಂಡು ಎದ್ದು ಹೋಗಿದ್ದರು; ಉಪ್ಪು ಹೆಚ್ಚಾದ ದಿನ ಮಾತ್ರ ಅವಳ ಅಡುಗೆಗೆ ಒಂದು ಮಾತು ದಕ್ಕುತ್ತಿತ್ತು. ಹಿಂದಿನ ಬೀದಿಯ ಜಿಮ್‌ನಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವ ಗಗನಾ ಒಮ್ಮೆ ಬಂದು, ಹಾಲು ಮೊಸರು ಯಾವುದನ್ನೂ ಮುಟ್ಟದವರಿಗೆ ಪ್ರೋಟೀನ್ ಇರುವ ಸಿಹಿ ಏನಾದರೂ ಮಾಡಿಕೊಡಲಾದೀತೇ ಎಂದು ಕೇಳಿದ್ದಳು. ಶರಾವತಿ ಒಂದು ತಿಂಗಳು ತಲೆ ಕೆಡಿಸಿಕೊಂಡಳು. ಹೆಸರುಬೇಳೆಯದು ಗಟ್ಟಿಯಾಯಿತು, ಹುರುಳಿಯದು ಒಗರಾಯಿತು. ಕೊನೆಗೆ ಬೆಂದ ಕಡಲೆಕಾಳನ್ನು ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿ, ಖರ್ಜೂರ, ಹುರಿದ ಶೇಂಗಾದ ಪುಡಿ, ನೆನೆಸಿದ ಅಗಸೆಬೀಜ, ಚೂರು ಏಲಕ್ಕಿ ಸೇರಿಸಿ ಓವನ್ನಿನಲ್ಲಿಟ್ಟಾಗ ಬಂದದ್ದು ಎಲ್ಲರ ಬಾಯಿಗೂ ಹಿಡಿಸಿತು. ಪೊಟ್ಟಣದ ಮೇಲೆ ಏನು ಬರೆಸಬೇಕೆಂದು ಗಗನಾ ಕೇಳಿದಾಗ ಶರಾವತಿಯೇ ಹೇಳಿದ್ದಳು: ಹಾಲಿಲ್ಲ, ತುಪ್ಪವಿಲ್ಲ, ಬರೀ ಕಾಳು.

ಅಲ್ಲಿಯವರೆಗೆ ಬೀದಿಯವರಿಗೆ ಬರೀ ಮೇಷ್ಟರ ಹೆಂಡತಿಯಾಗಿದ್ದ ಶರಾವತಿ ಒಂದೇ ವರ್ಷದಲ್ಲಿ 'ಪ್ರೋಟೀನ್ ಆಂಟಿ' ಆದಳು. ಮಹಿಳಾ ಕಾಲೇಜೊಂದರಲ್ಲಿ ಅವಳನ್ನು ವೇದಿಕೆ ಹತ್ತಿಸಿ ಮೈಕು ಕೊಟ್ಟರು. ನಡುಗುತ್ತ ನಿಂತವಳು ಕಾಳು ನೆನೆಸುವುದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಳು. ಹುಡುಗಿಯರು ಬರೆದುಕೊಂಡರು.

ಸುಮನಾ ಪರಿಚಯವಾದದ್ದೂ ಫೋನಿನಲ್ಲೇ. "ನನ್ನ ಮಗಳಿಗೆ ಹಾಲು ಆಗಲ್ಲ ಅಕ್ಕ. ಒಂದು ಹನಿ ಬಿದ್ರೂ ಆಗಲ್ಲ. ಬೇಕರಿ ಮುಂದೆ ಹೋಗೋವಾಗ ಅವಳೇ ಮುಖ ಆ ಕಡೆ ತಿರುಗಿಸ್ಕೋತಾಳೆ. ನಿಮ್ಮದರಲ್ಲಿ ಖಂಡಿತ ಇಲ್ವಲ್ಲ?" ಎಂದು ಮೂರು ಸಲ ಕೇಳಿದ್ದಳು. "ನಮ್ಮ ಪಾತ್ರೆಗೂ ತಾಗ್ಸಲ್ಲ," ಎಂದಿದ್ದಳು ಶರಾವತಿ. ಅನುಷಾಳ ಏಳನೇ ಹುಟ್ಟುಹಬ್ಬಕ್ಕೆ ಆರು ಬಾರ್‌ಗಳನ್ನು ಜೋಡಿಸಿ, ಮೇಲೊಂದು ಮೇಣದಬತ್ತಿ ಸಿಕ್ಕಿಸಿದ ಫೋಟೊ ಬಂದಿತ್ತು. ಮುಂದಿನ ಎರಡು ಹಲ್ಲು ಬಿದ್ದಿದ್ದ ಹುಡುಗಿ ಬಾಯಿ ತುಂಬ ನಗುತ್ತಿದ್ದಳು. ಅದನ್ನು ಶರಾವತಿ ಎಷ್ಟು ಜನಕ್ಕೆ ತೋರಿಸಿದ್ದಳೋ.

ಕಳೆದ ಶುಕ್ರವಾರ ಶಂಕರಘಟ್ಟದ ಕ್ರೀಡಾಕೂಟಕ್ಕೆ ನೂರೈವತ್ತು ಬಾರ್ ಹೋಗಬೇಕಿತ್ತು. ಅಷ್ಟು ದೊಡ್ಡ ಆರ್ಡರು ಅದೇ ಮೊದಲು. ಗಡಿಬಿಡಿಯಲ್ಲಿ ಕುಕ್ಕರ್ ನಾಲ್ಕು ಸೀಟಿ ಹೆಚ್ಚು ಕೂಗಿ ಕಾಳು ನೀರುನೀರಾಗಿತ್ತು. ಓವನ್ನಿನಿಂದ ತೆಗೆದ ಮೊದಲ ಟ್ರೇ ಚಾಕು ತಾಗಿಸಿದರೆ ಮುದ್ದೆಯಾಗಿ ಕುಸಿಯಿತು. ಹತ್ತು ಗಂಟೆಗೆ ವ್ಯಾನು. ಬೇರೆ ಕಾಳು ನೆನೆಸಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಆ ಡಬ್ಬ. ಕಾಫಿಗೆಂದು ತಂದಿಟ್ಟಿದ್ದ ಹಾಲಿನ ಪುಡಿಯನ್ನು ಉಳಿದ ಹಿಟ್ಟಿಗೆಲ್ಲ ಬೆರೆಸಿದಳು. ಬಾರ್‌ಗಳು ಗಟ್ಟಿಯಾಗಿ, ಎಂದಿಗಿಂತ ಚೆನ್ನಾಗಿ ಕೂತವು. ಪ್ರತಿ ಶುಕ್ರವಾರ ಬಸ್ಸಿಗೆ ಹಾಕುವ ಸುಮನಾಳ ಪೊಟ್ಟಣಕ್ಕೂ ಅದರಲ್ಲೇ ಎಂಟು ಎತ್ತಿಟ್ಟಳು.

ಎತ್ತಿಡುವಾಗ ಕೈ ತಡೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಹಲ್ಲು ಬಿದ್ದ ಆ ಮುಖ ಕಣ್ಣ ಮುಂದೆ ಬಂದಿತ್ತು. ಈ ವಾರ ಆಗಲಿಲ್ಲ ಎಂದುಬಿಟ್ಟರೆ ಸಾಕಿತ್ತು. ಆದರೆ, 'ಬೆಂದ ಪುಡಿ, ಒಂದು ಚೂರಿಗೆ ಏನಾಗುತ್ತೆ, ಈಗಿನವರದ್ದು ಎಲ್ಲದಕ್ಕೂ ಹೆದರಿಕೆ' ಎಂದುಕೊಂಡು ಅಂಟುಪಟ್ಟಿ ಸುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಎಲ್ಲವನ್ನೂ ಹೇಳಿದಳು. ವಿಷ್ಣುಪ್ರಸಾದ ಮಜ್ಜಿಗೆ ಬಡಿಸಿಕೊಂಡ. "ಮಗು ಹುಷಾರಾಗಿದೆ ತಾನೆ? ಹಾಗಿದ್ರೆ ಯಾಕೆ ಕೆದಕ್ತೀಯಾ ಮಾರಾಯ್ತಿ? ಇನ್ಮುಂದೆ ಸರಿಯಾಗಿ ಮಾಡು, ಅಷ್ಟೆ."

"ಆ ಅಜ್ಜಿ?"

"ಅತ್ತೆ ಸೊಸೆ ಜಗಳ ಯಾರ ಮನೇಲಿಲ್ಲ? ನಾಲ್ಕು ದಿನಕ್ಕೆ ಸರಿ ಹೋಗ್ತಾರೆ."

ಅವನ ಮಾತನ್ನು ಹಿಡಿದುಕೊಂಡು ಇದ್ದುಬಿಡಬಹುದಿತ್ತು. ಆದರೆ ಬುಧವಾರ ಬೆಳಿಗ್ಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಸುಮನಾ ಹೇಳಿದ್ದ ಇನ್ನೊಂದು ಮಾತು ಮೊದಲ ಸಲ ಕಿವಿಗೆ ಬಿದ್ದಂತೆ ಕೇಳಿಸಿತು. ಹೋದ ವಾರದ್ದೇ ಉಳಿದಿದೆ. ಹಾಲಿನ ಪುಡಿಯ ಆ ಬಾರ್‌ಗಳು ಇನ್ನೂ ಮಗುವಿನ ಮನೆಯಲ್ಲೇ ಇದ್ದವು. ಫೋನು ಮಾಡಲು ಹೊರಟು, ನಂಬರು ಒತ್ತಿ, ಅತ್ತ ರಿಂಗಾಗುವ ಮೊದಲೇ ಕತ್ತರಿಸಿದಳು. ಬದಲಿಗೆ ಒಂದು ಸಂದೇಶ ಕಳಿಸಿದಳು: 'ಉಳಿದ ಬಾರ್ ಹಳೆಯದಾಗಿರುತ್ತೆ, ಎಸೆದುಬಿಡಿ. ಹೊಸದು ಕಳಿಸ್ತೀನಿ.' ಒಂದು ಗಂಟೆಯ ಮೇಲೆ ಉತ್ತರ ಬಂತು. 'ಅಯ್ಯೋ ಅಕ್ಕ, ಫ್ರಿಜ್‌ನಲ್ಲಿಟ್ಟಿದೀನಿ. ನಿಮ್ಮ ಶ್ರಮ ಎಸೆಯೋದಾ? ಇನ್ನೂ ಗಂಜಿಯಲ್ಲೇ ಇದಾಳೆ. ನಾಳೆಯಿಂದ ಮಾಮೂಲಿ ಊಟ ಕೊಡಬಹುದಂತೆ.'

ಗುರುವಾರ ಬೆಳಿಗ್ಗೆ ಮೊದಲು ಸಿಕ್ಕ ಭದ್ರಾವತಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. 'ಗೊತ್ತಿಲ್ಲದೆ ಆಗಿಹೋಯ್ತು' ಎನ್ನಬೇಕು ಎಂದುಕೊಂಡಳು. 'ಪಾತ್ರೆ ಅದಲುಬದಲಾಯ್ತೇನೋ' ಎಂದರೆ ಇನ್ನೂ ಮೆತ್ತಗಿರುತ್ತದೆ ಅನ್ನಿಸಿತು. ಕೈಯಲ್ಲಿ ನಾಲ್ಕು ದಾಳಿಂಬೆ ಹಣ್ಣಿನ ಚೀಲ.

ಜನ್ನಾಪುರ ಬಡಾವಣೆಯ ಆ ಸಣ್ಣ ಮನೆಯ ಜಗಲಿಯಲ್ಲಿ ಹಣೆಗೆ ವಿಭೂತಿ ಹಚ್ಚಿದ್ದ ಮುದುಕಿಯೊಬ್ಬರು ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಒಂದು ತಟ್ಟೆ, ಒಂದು ಲೋಟ, ಮಡಚಿದ ಚಾಪೆ. ಸುಮನಾಳ ಅತ್ತೆ ಮಹಾಂತಮ್ಮ ಇವರೇ ಎಂದು ಶರಾವತಿಗೆ ಹೇಳದೆಯೇ ತಿಳಿಯಿತು. ಅವರು ಎದ್ದು ಒಳಗೆ ಕೂಗಿ ಹೇಳಿದರೇ ಹೊರತು ಹೊಸ್ತಿಲು ದಾಟಲಿಲ್ಲ.

"ಬನ್ನಿ ಅಕ್ಕ! ಅಷ್ಟು ದೂರದಿಂದ ನೋಡಕ್ಕೆ ಬಂದ್ರಲ್ಲ," ಎಂದು ಸುಮನಾ ಎರಡೂ ಕೈ ಹಿಡಿದು ಒಳಗೆ ಕರೆದು ಕೂರಿಸಿದಳು. ಫೋನಿನಲ್ಲಿ ಕೇಳಿದ್ದಕ್ಕಿಂತ ಚಿಕ್ಕವಳು, ಕಣ್ಣ ಕೆಳಗೆ ಕಪ್ಪು. "ನಮ್ಮ ಯಜಮಾನ್ರಿಗೆ ದಾವಣಗೆರೇಲಿ ಕೆಲಸ, ಸೋಮವಾರ ರಾತ್ರಿನೇ ಹೋದ್ರು. ನಾನೊಬ್ಳೇ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದೀನಿ." ಆಮೇಲೆ ದನಿ ತಗ್ಗಿಸಿ, "ಅತ್ತೆನ ಒಳಗೆ ಬಿಡ್ತಿಲ್ಲ. ತಪ್ಪು ಅಂತ ನನಗೂ ಗೊತ್ತು. ಆದ್ರೆ ಆ ಕೈ ನೋಡಿದ್ರೆ ನನಗೆ ಅವಳ ನೀಲಿ ತುಟಿ ಕಾಣುತ್ತೆ ಅಕ್ಕ," ಎಂದಳು.

"ನಂದೇ ತಪ್ಪು ಕಣಮ್ಮ," ಎಂದರು ಹೊರಗಿನಿಂದ ಮಹಾಂತಮ್ಮ. ಮಾತು ಅವರಿಗೂ ಕೇಳಿಸಿತ್ತು. "ಈ ವಯಸ್ನಲ್ಲಿ ಕಾಫಿ ಚಪಲ ನೋಡು ನಂಗೆ. ಮೊಮ್ಮಗಳನ್ನ ತಿಂದ್ಕೊಳ್ತಿದ್ದೆ."

ಶರಾವತಿ ಬಾಯಿ ತೆರೆದಳು. ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದೂ ಬರಲಿಲ್ಲ. "ಮಗು ಎಲ್ಲಿ?" ಎಂದಳು.

ಮಗು ಅಡುಗೆಮನೆಯಿಂದ ತಾನೇ ಬಂತು. ತುಟಿಯ ಅಂಚಿನಲ್ಲಿ ಇನ್ನೂ ಊತವಿತ್ತು. ಕೈಯಲ್ಲಿ ಕಾಗದ ಅರ್ಧ ಬಿಚ್ಚಿದ ಬಾರ್.

"ಬೆಳಗ್ಗೆಯಿಂದ ಒಂದೇ ಹಟ," ಎಂದು ಸುಮನಾ ನಕ್ಕಳು. "ನೀವು ಬಂದದ್ದು ಒಳ್ಳೇದಾಯ್ತು. ನಿಮ್ಮ ಮುಂದೆನೇ ತಿನ್ಲಿ. ಆಂಟಿಗೆ ಥ್ಯಾಂಕ್ಸ್ ಹೇಳು ಪುಟ್ಟಿ."

"ಥ್ಯಾಂಕ್ಸ್ ಆಂಟಿ," ಎಂದು ಅನುಷಾ ಬಾರನ್ನು ಬಾಯಿಗೆ ಒಯ್ದಳು.

ಶರಾವತಿ ಕೂತಲ್ಲಿಂದ ಹಾರಿ ಆ ಕೈಗೆ ಹೊಡೆದಳು. ಬಾರ್ ಗೋಡೆಗೆ ತಾಗಿ ಬಿತ್ತು. ದಾಳಿಂಬೆ ಹಣ್ಣುಗಳು ಕೋಣೆಯ ತುಂಬ ಉರುಳಿದವು. ಮಗು ಒಂದು ಕ್ಷಣ ಬೆಪ್ಪಾಗಿ ನಿಂತು ಗಟ್ಟಿಯಾಗಿ ಅಳತೊಡಗಿತು.

"ಅದರಲ್ಲಿ ಹಾಲಿದೆ," ಎಂದಳು ಶರಾವತಿ. "ಹಾಲಿನ ಪುಡಿ. ನಾನೇ ಹಾಕಿದ್ದು."

ಸುಮನಾ ಮಗಳನ್ನು ಸೆಳೆದುಕೊಂಡು ಅವಳ ಬೆರಳುಗಳನ್ನು ಸೆರಗಿನಿಂದ ಒರೆಸಿದಳು. ಬಾಯಿ ತೆರೆಸಿ ನೋಡಿದಳು. ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದಳು. ತಿರುಗಿ ಬಂದು ನಿಂತಾಗ ಮುಖದಲ್ಲಿ ಅಕ್ಕ ಎಂದು ಕರೆಯುತ್ತಿದ್ದವಳ ಗುರುತೇ ಇರಲಿಲ್ಲ.

"ಹಾಕೋವಾಗ ಗೊತ್ತಿತ್ತಾ ನಿಮಗೆ? ಇವಳಿಗೂ ಅದೇ ಹೋಗುತ್ತೆ ಅಂತ?"

ಪಾತ್ರೆ ಅದಲುಬದಲಾದ ಮಾತು ನಾಲಗೆಯ ತುದಿಯಲ್ಲಿತ್ತು. "ಗೊತ್ತಿತ್ತು," ಎಂದಳು ಶರಾವತಿ.

"ಮಂಗಳವಾರ ನಾನು ಫೋನ್ ಮಾಡಿದಾಗ?"

"ಆಗ್ಲೂ ಗೊತ್ತಿತ್ತು."

"ವಯಸ್ಸಾದವರಿಗೆ ಗೊತ್ತಾಗಲ್ಲ ಅಂದ್ರಿ."

ಶರಾವತಿ ಈಗಲೂ ತಾನಾಗಿ ಹೇಳಿರಲಿಲ್ಲ. ಆ ಬಾರ್ ಫ್ರಿಜ್ಜಿನಲ್ಲೇ ಇದ್ದಿದ್ದರೆ, ಹಣ್ಣು ಕೊಟ್ಟು, ಮಗುವಿನ ತಲೆ ಸವರಿ, ಹನ್ನೊಂದರ ಬಸ್ಸಿಗೆ ಹೋಗಿಬಿಡುತ್ತಿದ್ದಳೋ ಏನೋ. ಹಾಗೆ ಹೋಗುತ್ತಿರಲಿಲ್ಲ ಎಂದು ಆಣೆ ಇಟ್ಟು ಹೇಳುವ ಧೈರ್ಯ ಅವಳಿಗೆ ಇರಲಿಲ್ಲ.

"ಇನ್ನೂ ಯಾರ್ಯಾರಿಗೆ ಕೊಟ್ಟಿದೀರಿ?"

"ಶಂಕರಘಟ್ಟಕ್ಕೆ. ನೂರೈವತ್ತು."

"ಅವರಿಗೆ ಹೇಳಿದೀರಾ?" ಉತ್ತರಕ್ಕೆ ಕಾಯದೆ ಸುಮನಾ ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ. ಇಲ್ಲೇ, ನನ್ನೆದುರಿಗೇ ಎಲ್ಲರಿಗೂ ಬರೀರಿ."

ಶರಾವತಿ ಕೂತಳು. ಗಿರಾಕಿಗಳ ಗುಂಪಿನಲ್ಲಿ ಇನ್ನೂರ ಹನ್ನೆರಡು ಜನ. ಕಾಲೇಜಿನ ಪ್ರಾಂಶುಪಾಲರು, ಗಗನಾ, ಕ್ರೀಡಾಕೂಟದ ಮೇಷ್ಟರು, ಗಂಡನ ಸಹೋದ್ಯೋಗಿಗಳ ಹೆಂಡತಿಯರು. ಒಂದೊಂದೇ ಅಕ್ಷರ ಒತ್ತಿದಳು. ಕಣ್ತಪ್ಪಿನಿಂದ ಎಂದು ಬರೆದದ್ದನ್ನು ಸುಮನಾ ನೋಡಿ, "ಅದನ್ನ ತೆಗೀರಿ," ಎಂದಳು. ತೆಗೆದಳು. 'ಶುಕ್ರವಾರದ ಬಾರ್‌ಗಳಿಗೆ ಗೊತ್ತಿದ್ದೇ ಹಾಲಿನ ಪುಡಿ ಬೆರೆಸಿದ್ದೆ. ಯಾರೂ ತಿನ್ನಬೇಡಿ. ಅದನ್ನು ತಿಂದು ಒಂದು ಮಗು ಆಸ್ಪತ್ರೆ ಸೇರಿತ್ತು. ಶರಾವತಿ, ಹೊಸಮನೆ.' ಕಳಿಸಿದಳು. ಅರೆಗಳಿಗೆಯಲ್ಲಿ ಫೋನು ಒಂದರ ಹಿಂದೊಂದು ಗುಂಯ್‌ಗುಡತೊಡಗಿತು. ಅವಳು ನೋಡದೆ ಅದನ್ನು ಚೀಲಕ್ಕೆ ಹಾಕಿದಳು.

"ಇನ್ನು ಹೋಗಿ," ಎಂದಳು ಸುಮನಾ. ಬೈಗುಳವೊಂದಕ್ಕೆ ಶರಾವತಿ ಕಾದಳು. ಅದು ಬರಲಿಲ್ಲ.

ಜಗಲಿಯಲ್ಲಿ ಮಹಾಂತಮ್ಮ ಗೋಡೆ ಹಿಡಿದು ನಿಂತಿದ್ದರು. ಶರಾವತಿ ಬಗ್ಗಿ ಅವರ ಕಾಲು ಮುಟ್ಟಲು ಹೋದಳು. ಮುದುಕಿ ಕಾಲು ಹಿಂದಕ್ಕೆ ಎಳೆದುಕೊಂಡರು. ಅವರ ಕಣ್ಣು ಶರಾವತಿಯ ಮೇಲಿರಲಿಲ್ಲ. ದೂರದ ಯಾವುದನ್ನೋ ಹುಡುಕುತ್ತಿತ್ತು.

"ನಾನು ಕೈ ತೊಳ್ಕೊಂಡಿದ್ದೆ," ಎಂದರು ಅವರು, ತಮಗೆ ತಾವೇ. "ಹಿತ್ಲು ನಲ್ಲೀಲಿ. ಸೋಪು ಹಚ್ಚಿ, ಎರಡು ಸಲ. ನಾಲ್ಕು ದಿನದಿಂದ ಕೂತು ನೆನಪು ಮಾಡ್ಕೊಳ್ತಿದೀನಿ, ತೊಳ್ದಿದ್ನೋ ಇಲ್ವೋ ಅಂತ. ತೊಳ್ದಿರ್ಲಿಲ್ಲ ಅಂತಲೇ ಅನ್ಸೋಕೆ ಶುರುವಾಗಿತ್ತು."

ಶರಾವತಿ ಚಪ್ಪಲಿ ಮೆಟ್ಟಿ ಗೇಟಿನ ತನಕ ಬಂದಳು. ಚಿಲಕ ತೆಗೆದಳು. ಹಿಂದೆ ಬಾಗಿಲು ಸರಿದ ಸದ್ದಾಯಿತು. ತಿರುಗಿ ನೋಡಿದಳು.

ಸುಮನಾ ಹೊಸ್ತಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಪಕ್ಕದಿಂದ ನುಸುಳಿ ಬಂದ ಅನುಷಾ, ಬಿಕ್ಕುತ್ತಲೇ, ಅಷ್ಟರಲ್ಲಿ ಮತ್ತೆ ಚಾಪೆಯ ಮೇಲೆ ಕೂತಿದ್ದ ಅಜ್ಜಿಯ ಮಡಿಲು ಹತ್ತಿ ಮುಖ ಹುದುಗಿಸಿದಳು. ಮಹಾಂತಮ್ಮ ಅಲುಗಲಿಲ್ಲ. ಎರಡೂ ಕೈಗಳನ್ನು ಮಗುವಿಗೆ ತಾಗದ ಹಾಗೆ ಮೇಲೆತ್ತಿ ಹಿಡಿದು, ಸೊಸೆಯ ಮುಖವನ್ನೇ ನೋಡುತ್ತ ಕೂತಿದ್ದರು.