ಮೆಟ್ಟಿಲಲ್ಲಿ ಸಿಕ್ಕಿಬಿದ್ದ ಬೀರು

ಬಡಗಿಗೆ ಹೆಂಡತಿಯ ಮೇಲೆ ಹಟವಿತ್ತೇ ಹೊರತು ಮಗಳ ಮೇಲೆ ಮುನಿಸಿರಲಿಲ್ಲ. ಗಂಡ ಹೆಂಡತಿ ಎಂಟು ವರ್ಷ ಒಂದೇ ಅಂಗಡಿಯಲ್ಲಿ ದುಡಿದವರು. ಅವನು ಕುರ್ಚಿ ಮಾಡಿದರೆ ಅವಳು ಅದಕ್ಕೆ ಮೆತ್ತೆ ಹೊಲಿಯುತ್ತಿದ್ದಳು. ಬೇರೆಯಾದ ಮೇಲೆ ಅಂಗಡಿಯಲ್ಲಿ ಯಾರ ಪಾಲೆಷ್ಟು ಎಂಬ ಜಗಳ ಕೋರ್ಟು ಮೆಟ್ಟಿಲು ಹತ್ತಿತು. ತೀರ್ಮಾನವಾಗುವವರೆಗೆ ಇಬ್ಬರ ಹೆಸರಿನ ಬ್ಯಾಂಕ್ ಖಾತೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮಗಳು ತಾಯಿಯ ಬಳಿ ಉಳಿದಳು. ಅವಳ ಖರ್ಚಿಗೆ ಪ್ರತಿ ತಿಂಗಳ ಐದನೇ ತಾರೀಖು ಅಪ್ಪ ಹಣ ಕೊಡಬೇಕೆಂದು ಆದೇಶವೂ ಆಯಿತು.

“ನನ್ನ ಉಳಿತಾಯವನ್ನೆಲ್ಲ ಅಲ್ಲಿ ಕಟ್ಟಿಹಾಕಿ, ಮತ್ತೆ ನನ್ನನ್ನೇ ಕೊಡು ಅಂದ್ರೆ?” ಎಂದು ರೇಗಿದ ಬಡಗಿ ಒಂದು ಉಪಾಯ ಹೂಡಿದ. ಮೊದಲ ತಿಂಗಳು ಹಣದ ಬದಲು ಓದುವ ಮೇಜು ಕಳಿಸಿದ. ಎರಡನೇ ತಿಂಗಳು ಪುಸ್ತಕದ ಕಪಾಟು. ಎರಡನ್ನೂ ಕನ್ನಡಿಯಂತೆ ಉಜ್ಜಿ, ಮಗುವಿಗೆ ತಾಗದಂತೆ ಮೂಲೆಗಳನ್ನು ದುಂಡಗೆ ಮಾಡಿದ್ದ.

ಹೆಂಡತಿ ಫೋನ್ ಮಾಡಿದಳು. “ಮೇಜು ಚೆನ್ನಾಗಿದೆ, ಕಪಾಟೂ ಚೆನ್ನಾಗಿದೆ. ಆದ್ರೆ ನಿನ್ನ ಮಗಳೇನು ಗೆದ್ದಲಾ, ಮರ ತಿಂದು ಬದುಕೋಕೆ?”

“ಮೊದಲು ಅಂಗಡಿ ಲೆಕ್ಕ ಮುಗಿಸು, ಆಮೇಲೆ ಮಾತಾಡೋಣ.”

“ಅದು ಮುಗಿಯೋ ಹೊತ್ತಿಗೆ ಇವಳೇ ವಕೀಲಿಕೆ ಓದಿ ನಮ್ಮ ಕೇಸು ನಡೆಸ್ತಾಳೆ, ನೋಡ್ತಿರು!”

ಹಿಡಿದ ಪಟ್ಟು ಬಿಡದ ಬಡಗಿ ಮೂರನೇ ತಿಂಗಳು ಆಳೆತ್ತರದ ಬೀರು ಕಳಿಸಿದ. ಅವಳ ಮನೆ ಮೂರನೇ ಮಹಡಿಯಲ್ಲಿ. ಎರಡನೇ ಮಹಡಿ ದಾಟಿದ ಮೇಲಿನ ತಿರುವಿನಲ್ಲಿ ಬೀರು ಗೋಡೆಗೂ ಮೆಟ್ಟಿಲ ಕಟಕಟೆಗೂ ನಡುವೆ ಸಿಕ್ಕಿಕೊಂಡಿತು. ಹೊತ್ತು ತಂದಿದ್ದ ಹಮಾಲಿಗಳಿಬ್ಬರೂ ಎಳೆದರು, ತಳ್ಳಿದರು, ಕೊನೆಗೆ ಶಾಪ ಹಾಕಿ ಹೊರಟೇ ಹೋದರು. ಮೇಲಿನವರು ಇಳಿಯುವಂತಿಲ್ಲ, ಕೆಳಗಿನವರು ಹತ್ತುವಂತಿಲ್ಲ.

ಸುದ್ದಿ ತಿಳಿದ ಬಡಗಿ ಹತಾರದ ಚೀಲ ಹಿಡಿದು ಎದ್ದುಬಿದ್ದು ಓಡಿಬಂದ. ಬೀರುವಿನ ಆಚೆ, ಮೇಲಿನ ಮೆಟ್ಟಿಲಲ್ಲಿ ಮಗಳು ಕುಳಿತಿದ್ದಳು. ಸಂದಿಯಲ್ಲಿ ಅವಳ ಒಂದು ಕಣ್ಣು, ಅರ್ಧ ಮೂಗು ಕಾಣುತ್ತಿತ್ತು.

“ಅಪ್ಪಾ, ಇದು ಈ ತಿಂಗಳಿನ ನನ್ನ ಖರ್ಚಾ?”

“ಹೂಂ ಚಿನ್ನ.”

“ಈಜು ಕಲಿಸೋರು ಇದನ್ನ ತಗೋತಾರಾ? ಫೀಸ್ ಕಟ್ಟಿಲ್ಲ ಅಂತ ಎರಡು ವಾರದಿಂದ ಹೊರಗೇ ಕೂತಿದ್ದೀನಿ. ಅಪ್ಪ ಒಂದು ದೋಣಿ ಮಾಡಿಕೊಟ್ರೆ ಆಗಲ್ವಾ ಅಂತ ಅಮ್ಮನ್ನ ಕೇಳ್ದೆ. ಅಮ್ಮ ನಕ್ಕಳು. ಆಮೇಲೆ ಅತ್ತಳು.”

ತಿರುಪು ಬಿಚ್ಚುತ್ತಿದ್ದ ಬಡಗಿಯ ಕೈ ನಿಂತಿತು. ಇಷ್ಟು ದಿನ ತಾನು ಹೆಂಡತಿಯ ಕೈ ಕಟ್ಟಿದ್ದೇನೆ ಎಂದುಕೊಂಡಿದ್ದ. ಕಟ್ಟಿದ್ದು ಈ ಪುಟ್ಟ ಕಾಲುಗಳನ್ನು.

ಮೇಲಿನಿಂದ ಹೆಂಡತಿಯ ದನಿ ಬಂತು. “ಅಂಗಡಿ ವಿಷಯಕ್ಕೆ ಇನ್ನೂ ಹತ್ತು ವರ್ಷ ಬೇಕಾದ್ರೂ ಹೊಡೆದಾಡು, ನಾನೂ ಬಿಡೋಳಲ್ಲ. ಅವಳ ದುಡ್ಡನ್ನ ಮಾತ್ರ ಅದಕ್ಕೆ ಗಂಟು ಹಾಕ್ಬೇಡ.”

“ತಪ್ಪಾಯ್ತು,” ಎಂದ ಬಡಗಿ, ತಲೆ ತಗ್ಗಿಸಿ.

“ಯಾರಿಗೆ ಹೇಳ್ತಿದ್ದೀಯ, ಬೀರುವಿಗಾ?”

“ಇಬ್ಬರಿಗೂ. ನಿನಗೂ, ಮಗಳಿಗೂ.”

ಅಷ್ಟರಲ್ಲಿ ಎರಡನೇ ಮಹಡಿಯ ನರ್ಸಮ್ಮ ಹಿಂದಿನಿಂದ ಕತ್ತು ಚಾಚಿದರು. ಕೆಲಸದಿಂದ ನಿವೃತ್ತರಾದ ಮೇಲೆ ಕಟ್ಟಡದ ಸುದ್ದಿಯೆಲ್ಲ ಅವರ ಕಿವಿ ದಾಟಿಯೇ ಹೋಗುತ್ತಿತ್ತು. “ಮೇಲೆ ಹೋಗಲ್ಲ ಅಂದ್ರೆ ಕೆಳಗೆ ಬರುತ್ತಲ್ಲಪ್ಪಾ? ನಮ್ಮನೆಗೇ ಇರ್ಲಿ. ಎಷ್ಟಕ್ಕೆ ಕೊಡ್ತೀಯ?”

ಬಡಗಿ ಮುಜುಗರದಲ್ಲಿ ಬಾಯಿಗೆ ಬಂದದ್ದೊಂದು ಬೆಲೆ ಹೇಳಿದ.

“ಅಷ್ಟು ಕಡಿಮೆಗಾ?” ಹೆಂಡತಿ ಮೇಲಿನಿಂದಲೇ ಕೂಗಿದಳು. “ನರ್ಸಮ್ಮ, ಆ ಮರದ ಬೆಲೆ ನಂಗೊತ್ತು. ಇನ್ನರ್ಧ ಸೇರಿಸಿ ಕೊಡಿ!”

“ಜಗಳ ಆಡೋರು ವ್ಯಾಪಾರಕ್ಕೆ ಮಾತ್ರ ಒಂದಾಗ್ತೀರಲ್ಲ!” ಎಂದು ನಗುತ್ತ ನರ್ಸಮ್ಮ ಒಪ್ಪಿದರು.

ಬಾಗಿಲುಗಳನ್ನು ಕಳಚಿ ಬೀರು ಇಳಿಸುವುದರಲ್ಲಿ ಮಧ್ಯಾಹ್ನ ಕಳೆಯಿತು. ಆ ಹಣದಿಂದ ಎರಡು ತಿಂಗಳ ಬಾಕಿ ತೀರಿತು. ಮೂರನೆಯದನ್ನು ಬಡಗಿ ಮಾರನೇ ದಿನವೇ ಕೈಯಿಂದ ಕೊಟ್ಟ. ಅಂಗಡಿಯ ಕೇಸು ಇನ್ನೂ ಒಂದೂವರೆ ವರ್ಷ ಎಳೆಯಿತು. ಗರಗಸದ ಯಂತ್ರ ಅವನಿಗಾಯಿತು, ಅಂಗಡಿ ಅವಳಿಗಾಯಿತು. ಇಬ್ಬರೂ ತಮಗೆ ಮೋಸವಾಯಿತೆಂದು ಗೊಣಗಿದರು. ಆದರೆ ಅಷ್ಟು ದಿನವೂ ಐದನೇ ತಾರೀಖು ಒಂದು ಸಲವೂ ತಪ್ಪಲಿಲ್ಲ.